ಮುನಿಯಣ್ಣನ ಪಾಲಿನ ಐದು ಬೀಜ

ಹೂಡಿಯ ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ, ನೀರೆತ್ತುವ ಮೋಟರುಗಳಿಗೆ ಸ್ಟಾರ್ಟರ್ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ, ಸತ್ತವರೊಬ್ಬರಿಗೆ ನಾಲ್ಕು ವರ್ಷ ಮತದ ಹಕ್ಕಿತ್ತು. ಅದನ್ನು ಯಾರೂ ಹಾಗೆಂದು ಕರೆಯುತ್ತಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ, ಕೆಳಗಡೆ ಯಂತ್ರಗಳನ್ನು ನಿಲ್ಲಿಸಿ ಬೆಂಚು ಒರೆಸುತ್ತಿರುವ ಹೊತ್ತಿಗೆ, ಮೇಲಿನ ಕೋಣೆಯಲ್ಲಿ ಮಾಲೀಕ ಪುಟ್ಟಣ್ಣ ಎಲ್ಲರ ಮುಂದೆ ಐದೈದು ಹುಣಸೆ ಬೀಜ ಇಡುತ್ತಿದ್ದರು. ಕಿಟಕಿ ಪಕ್ಕದ ಖಾಲಿ ಕುರ್ಚಿಯ ಮುಂದೆಯೂ ಐದು. ಆ ಐದನ್ನು ಎತ್ತಿ ಇಡುವ ಕೆಲಸ ಶ್ರೀರಂಜನಿಯದು.

ಬೀಜದ ಪದ್ಧತಿ ಪುಟ್ಟಣ್ಣನವರದೇ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಸ್ವಯಂನಿವೃತ್ತಿ ಪಡೆದು ಬಂದವರು ಅವರು. ಅಲ್ಲಿ ಗಂಟಲು ದೊಡ್ಡದಿದ್ದವರ ಮಾತೇ ನಡೆಯುತ್ತಿದ್ದುದನ್ನು ನೋಡಿ ಬೇಸತ್ತಿದ್ದರು. ಹಾಗಾಗಿ ತಮ್ಮಲ್ಲಿ ಮುಂದಿನ ವರ್ಷ ಯಾವ ಹೊಸ ಪೆಟ್ಟಿಗೆ ಮಾಡಬೇಕು, ಹಳೆಯದಕ್ಕೆ ಏನು ಸೇರಿಸಬೇಕು ಎಂಬುದನ್ನು ತೀರ್ಮಾನಿಸಲು ಈ ದಾರಿ ಹಿಡಿದರು. ಒಂದೊಂದು ಬೇಡಿಕೆಗೆ ಒಂದೊಂದು ರಟ್ಟಿನ ಚೀಟಿ. ಮಾರಾಟದವರು, ವಿನ್ಯಾಸದವರು, ರಿಪೇರಿಯವರು, ಖರೀದಿಯವರು, ಮಾಲೀಕರು, ಎಲ್ಲರಿಗೂ ಸಮನಾಗಿ ಐದು ಬೀಜ. ಯಾವ ಚೀಟಿಯ ಮೇಲೆ ಹೆಚ್ಚು ಬೀಜ ಬೀಳುತ್ತದೋ ಅದು ಮೊದಲು. ಮಾರಾಟ ನೋಡಿಕೊಳ್ಳುವ ಸುಜಯ್ ಇದನ್ನು ರೋಡ್‌ಮ್ಯಾಪ್ ಎನ್ನುತ್ತಿದ್ದ. ಪುಟ್ಟಣ್ಣ ವರ್ಷದ ಅಡುಗೆ ಎನ್ನುತ್ತಿದ್ದರು.

ಶ್ರೀರಂಜನಿ ಸೇರಿದ್ದು ಎರಡು ಸಾವಿರದ ಆರರಲ್ಲಿ. ಯಾರಿಗೆ ಏನು ಬೇಕು ಎಂದು ವರ್ಷವಿಡೀ ಕೇಳಿಕೊಂಡು ಬಂದು, ಆ ಚೀಟಿಗಳನ್ನು ಬರೆಯುವುದು ಅವಳ ಕೆಲಸ. ಅವಳೂ ಸರ್ಕಾರಿ ಕಾರ್ಖಾನೆಯೊಂದರ ಕಾಲೊನಿಯಲ್ಲೇ ಬೆಳೆದವಳು, ಅಪ್ಪ ಫೋರ್‌ಮನ್. ಓದಿನಲ್ಲಿ ಚುರುಕು, ದನಿ ಮಾತ್ರ ಸಣ್ಣದು. ಕೋಣೆಯಲ್ಲಿ ಏನಾದರೂ ಹೇಳಲು ಶುರು ಮಾಡಿದರೆ ಅರ್ಧಕ್ಕೇ ಯಾರಾದರೂ ಎತ್ತಿಕೊಂಡು ಮುಂದೆ ಹೋಗುತ್ತಿದ್ದರು. ಅವಳಿಗೂ ಅದು ಅಭ್ಯಾಸವಾಗಿತ್ತು.

ಕೇಳಿಕೊಂಡು ಬರುವುದಕ್ಕೆ ಅವಳು ಹೆಚ್ಚಾಗಿ ಹೋಗುತ್ತಿದ್ದುದು ಮುನಿಯಣ್ಣನ ಜೊತೆ. ವೈಟ್‌ಫೀಲ್ಡ್, ಹೂಡಿ, ಬೆಳ್ಳಂದೂರು ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಕೆಟ್ಟ ಸ್ಟಾರ್ಟರುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಅವರು. ಪಟ್ಟಂದೂರು ಅಗ್ರಹಾರದವರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಕಟ್ಟಡವಿತ್ತು. ಆ ಕಟ್ಟಡದ ನೀರಿನ ತೊಟ್ಟಿಗೆ ಇವರೇ ಹೋಗಿ ಮೋಟರು ಕೂರಿಸಿ ಬಂದಿದ್ದರು. ಅದನ್ನೂ ಅವರು ಹೇಳಿದ್ದಲ್ಲ, ವಾಚ್‌ಮನ್ ಹೇಳಿದ್ದು. ಮುನಿಯಣ್ಣನಿಗೆ ಮಾತು ಕಡಿಮೆ. ಇಡೀ ದಿನ ಜೊತೆಗಿದ್ದರೂ “ಬನ್ನಿ ಮೇಡಂ”, “ಆಯ್ತು ಮೇಡಂ”, ಇಷ್ಟೇ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅವರು ಮೋಟರು ಮತ್ತು ಪಂಪಿನ ನಡುವಿನ ಕಪ್ಲಿಂಗ್ ಬಿಗಿ ಮಾಡುತ್ತಿದ್ದರು. ಮೇನ್ ಸ್ವಿಚ್ ಆರಿಸಿಯೇ ಇಳಿದಿದ್ದರು. ಮೇಲೆ ಯಾರಿಗೋ ನಲ್ಲಿಯಲ್ಲಿ ನೀರು ಬರಲಿಲ್ಲ. ವಾಚ್‌ಮನ್ ಬಂದು, ಸ್ವಿಚ್ ತಾನಾಗಿ ಬಿದ್ದಿರಬೇಕೆಂದು ಎತ್ತಿಬಿಟ್ಟ. ಕಾರ್ಖಾನೆಯ ಹೆಮ್ಮೆಯ ಪೆಟ್ಟಿಗೆ ಅದು. ಕರೆಂಟ್ ಬಂದರೆ ಯಾರೂ ಮುಟ್ಟಬೇಕಿಲ್ಲ, ಮೋಟರು ತಾನೇ ಶುರುವಾಗುತ್ತದೆ. ಶುರುವಾಯಿತು. ಮುನಿಯಣ್ಣ ಸ್ಪ್ಯಾನರ್ ತೆಗೆದುಕೊಳ್ಳಲು ಆಗಷ್ಟೇ ಕೈ ಹಿಂದೆಳೆದಿದ್ದರು. ಹೆಗಲಿನಿಂದ ಜಾರಿದ್ದ ಟವೆಲು ಮಾತ್ರ ಒಳಗೆ ಹೋಯಿತು. ಶ್ರೀರಂಜನಿ ಓಡಿ ಹೋಗಿ ಆರಿಸುವಷ್ಟರಲ್ಲಿ ಅದು ಕಪ್ಲಿಂಗಿಗೆ ಹಗ್ಗದಂತೆ ಸುತ್ತಿಕೊಂಡು, ತುದಿ ಗೋಡೆಗೆ ಪಟಪಟ ಬಡಿಯುತ್ತಿತ್ತು.

“ಓಗ್ಲಿ ಬಿಡಿ ಮೇಡಂ. ಅಳೇ ಟವಲ್ಲು,” ಎಂದರು ಮುನಿಯಣ್ಣ.

ಅವಳು ಸ್ವಿಚ್ಚಿನ ಮೇಲಿನ ಕೈ ತೆಗೆದಿರಲಿಲ್ಲ. “ಮೋಟರ್ ಆನ್ ಆಗೋ ಮುಂಚೆ ಒಂದು ಬೆಲ್ ಹೊಡೀಬೇಕು, ಅಲ್ವಾ ಮುನಿಯಣ್ಣ? ಬೆಲ್ ಹೊಡೆದು, ಸ್ವಲ್ಪ ಹೊತ್ತು ತಡೆದು, ಆಮೇಲೆ ತಿರುಗ್ಬೇಕು.”

ಅವರು ಟವೆಲಿನ ಎಳೆಗಳನ್ನು ಬಿಡಿಸುತ್ತಿದ್ದರು. “ನಿಮಗೆ ಎಂಗ್ ಅನ್ನುಸ್ತದೋ ನೋಡಿ ಮೇಡಂ.”

ಮರುವರ್ಷ ಸಂಕ್ರಾಂತಿಯಾದ ಮೇಲೆ ಮುನಿಯಣ್ಣ ತೀರಿಕೊಂಡರು. ಅದಕ್ಕೂ ಮೋಟರಿಗೂ ಸಂಬಂಧವಿರಲಿಲ್ಲ. ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡರು, ಅಷ್ಟೇ. ಆ ವರ್ಷದ ಸಭೆಯಲ್ಲಿ ಪುಟ್ಟಣ್ಣ ಅಭ್ಯಾಸಬಲದಿಂದ ಅವರ ಕುರ್ಚಿಯ ಮುಂದೆಯೂ ಬೀಜ ಇಟ್ಟರು. ಇಟ್ಟ ಮೇಲೆ ನೆನಪಾಯಿತು. ವಾಪಸು ಎತ್ತಿಕೊಳ್ಳಲು ಮನಸ್ಸಾಗಲಿಲ್ಲ.

“ಇರ್ಲಿ. ಇದೊಂದ್ಸಲ ಅವರದ್ದೂ ಇರ್ಲಿ,” ಎಂದರು. “ರಂಜನಿ, ನೀನೇ ಅಲ್ವೇನಮ್ಮ ಅವರ ಜೊತೆ ಓಡಾಡಿದವಳು? ಅವರಿಗೆ ಏನು ಬೇಕಿತ್ತೋ ಅಲ್ಲಿಡು.”

ಅವಳು ಇಟ್ಟಳು. ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ಮೋಟರು ತಾನೇ ನಿಲ್ಲಬೇಕೆಂಬ ಚೀಟಿಯ ಮೇಲೆ ಐದನ್ನೂ ಇಟ್ಟು, “ಮುನಿಯಣ್ಣ ಇದನ್ನೇ ಹೇಳ್ತಿದ್ರು ಸಾರ್,” ಎಂದಳು. ಅವರು ಹೇಳಿರಲಿಲ್ಲ. ಆದರೆ ಸುಟ್ಟುಹೋದ ಮೋಟರುಗಳನ್ನು ಬಿಚ್ಚುವಾಗ ಅವರ ಮುಖ ಹೇಗಿರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಹೇಳಿದ ಹಾಗೆಯೇ ಅಲ್ಲವೇ ಅದು? ಅವಳ ಮಾತನ್ನು ಯಾರೂ ಅರ್ಧಕ್ಕೆ ಎತ್ತಿಕೊಳ್ಳಲಿಲ್ಲ. ಆ ಚೀಟಿ ಗೆದ್ದಿತು.

ಮುಂದಿನ ವರ್ಷವೂ ಕುರ್ಚಿ ಅಲ್ಲೇ ಇತ್ತು, ಬೀಜವೂ ಇತ್ತು. ಅದನ್ನು ನಿಲ್ಲಿಸುವ ಮಾತನ್ನು ಯಾರು ಮೊದಲು ಆಡುವುದು? ಹೀಗೆ ಅದೊಂದು ಪದ್ಧತಿಯಾಯಿತು. ಶ್ರೀರಂಜನಿಗೆ ಬೇಗ ತಿಳಿದ ವಿಷಯವೆಂದರೆ, ತನ್ನ ಹೆಸರಿನಲ್ಲಿ ಹೇಳಿದರೆ ಅದು ಒಂದು ಸಲಹೆ, ಮುನಿಯಣ್ಣನ ಹೆಸರಿನಲ್ಲಿ ಹೇಳಿದರೆ ಅದನ್ನು ತಳ್ಳಿಹಾಕುವ ಧೈರ್ಯ ಯಾರಿಗೂ ಇಲ್ಲ. ಮಾರಾಟದವರು ಒಂದು ಕಡೆ, ವಿನ್ಯಾಸದವರು ಇನ್ನೊಂದು ಕಡೆ ಎಳೆದಾಗ ಆ ಐದು ಬಿದ್ದ ಕಡೆ ತಕ್ಕಡಿ ವಾಲುತ್ತಿತ್ತು. ಅವಳು ಅನ್ಯಾಯಕ್ಕೇನೂ ವಾಲಿಸಲಿಲ್ಲ. ಒಳ್ಳೆಯ ಪೆಟ್ಟಿಗೆಗಳೇ ಬಂದವು. ಆದರೆ ಬೀಜದ ಜೊತೆ ಒಂದು ಮಾತೂ ಬೇಕಾಗುತ್ತಿತ್ತು. “ಬೆಂಗಳೂರಲ್ಲಿ ಎಲ್ಲರಿಗೂ ಇಂಗ್ಲಿಷ್ ಬರಾಕಿಲ್ಲ ಮೇಡಂ, ಪೆಟ್ಟಿಗೆ ಮೇಲೆ ಕನ್ನಡ ಆಕಿ, ಅಂದಿದ್ರು.” “ಕತ್ಲಲ್ಲಿ ಕಾಣೋ ಅಂಗೆ ಒಂದು ದೀಪ ಇರ್ಲಿ, ಅಂದಿದ್ರು.” ಅವರ ನುಡಿ ಅವಳ ನಾಲಗೆಗೆ ಚೆನ್ನಾಗಿ ಹೊಂದಿಕೊಂಡಿತು. ಬೇರೆಯವರೂ ಕಲಿತರು. “ಮುನಿಯಣ್ಣ ಇದ್ದಿದ್ರೆ ಇದಕ್ಕೆ ಒಪ್ತಿದ್ರಾ ಹೇಳಿ ಗುರು,” ಎಂದು ಸುಜಯ್ ಖರೀದಿಯವರ ಬಾಯಿ ಮುಚ್ಚಿಸುತ್ತಿದ್ದ. ಬದುಕಿದ್ದಾಗ ಆ ಮನುಷ್ಯ ಕೋಣೆಯಲ್ಲಿ ಎಂದೂ ಅಷ್ಟು ಮಾತಾಡಿರಲಿಲ್ಲ.

ಆಮೇಲೆ ಅವಳಿಗೆ ಅವರ ದನಿ ಕೇಳಿಸತೊಡಗಿತು.

ಮೊದಲ ಸಲ ಹೂಡಿಯ ಒಂದು ಪಂಪ್ ಮನೆಯಲ್ಲಿ, ಮಟಮಟ ಮಧ್ಯಾಹ್ನ. ಎಡಗಡೆಯಿಂದ, ತುಸು ಹಿಂದಿನಿಂದ, “ಮೇಡಂ.” ಅವಳು ತಿರುಗಿ ನೋಡಿದಳು; ಗೋಡೆಯ ಮೇಲೆ ನೀರಿನ ಕಲೆ ಇತ್ತು. ಕೂಗಿದ್ದು ಹೊರಗಿನ ವಾಚ್‌ಮನ್ ಇರಬೇಕೆಂದುಕೊಂಡಳು. ಆಮೇಲೆ ಬಸ್ಸಿನಲ್ಲಿ, ಊಟದ ಡಬ್ಬಿ ತೆರೆಯುವಾಗ, ಚೀಟಿ ಬರೆಯುವಾಗ. ಕೆಲವು ಸಲ ಅದು ಅವಳೇ ಕಟ್ಟಿದ ಮಾತುಗಳನ್ನು ಹೇಳುತ್ತಿತ್ತು. ಅದರಿಂದ ಭಯವಾಗುತ್ತಿರಲಿಲ್ಲ. ಅವಳು ಇನ್ನೂ ಕಟ್ಟಿರದ ಮಾತುಗಳನ್ನು ಹೇಳಿದಾಗ ಭಯವಾಗುತ್ತಿತ್ತು. ಒಮ್ಮೆ ಸಭೆಯಲ್ಲಿ ಅವಳು ಬಾಯಿ ತೆರೆದಾಗ, ಮುಂದೆ ಏನು ಹೇಳಲಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಮಾತು ಬಂತು, ಎಲ್ಲರೂ ತಲೆಯಾಡಿಸಿದರು. ಮನೆಗೆ ಹೋಗಿ ಗಂಡನಿಗೆ ಹೇಳಬೇಕೆನ್ನಿಸಿತು. ಏನೆಂದು ಹೇಳುವುದು?

ಎರಡು ಸಾವಿರದ ಹನ್ನೆರಡರಲ್ಲಿ ಮುನಿಯಣ್ಣನ ಮಗಳು ವೇಣಿ ಜೋಡಣೆ ವಿಭಾಗಕ್ಕೆ ಸೇರಿದಳು. ಐಟಿಐ ಮುಗಿಸಿದ ಹುಡುಗಿ. ಅಪ್ಪನ ಹಾಗಲ್ಲ, ಬಾಯಿ ಬಡಬಡ. ಮೊದಲ ವಾರವೇ ಊಟದ ಹೊತ್ತಿಗೆ ಶ್ರೀರಂಜನಿಯ ಎದುರು ಬಂದು ಕೂತಳು.

“ಮೇಡಂ, ನಮ್ಮಪ್ಪ ನಿಮ್ಮತ್ರ ತುಂಬ ಮಾತಾಡ್ತಿದ್ರಂತೆ? ಸುಜಯ್ ಸಾರ್ ಹೇಳಿದ್ರು. ಅದೇನೋ ದೀಪ ಇರ್ಲಿ ಅಂದಿದ್ರಂತೆ? ಹೇಳಿ ಮೇಡಂ, ಹೆಂಗ್ ಹೇಳಿದ್ರು?”

ಹುಡುಗಿಯ ಮುಖ ನೋಡಿ ಶ್ರೀರಂಜನಿ ಹೇಳಿದಳು. ಮರುದಿನ ಇನ್ನೊಂದು ಕೇಳಿದಳು, ಅದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವು ಪೆಟ್ಟಿಗೆಗಳ ಮಾತಾಗಿ ಉಳಿಯಲಿಲ್ಲ. ಮುನಿಯಣ್ಣ ಹಳೆಯ ಹೊಲದ ಬಗ್ಗೆ ಏನಂದರು, ಮಗಳನ್ನು ಓದಿಸುವ ಬಗ್ಗೆ ಏನಂದರು. “ನಿನ್ನನ್ನ ಎಂಜಿನಿಯರ್ ಮಾಡ್ಬೇಕು ಅಂತಿದ್ರು ಕಣೇ,” ಎಂದಾಗ ವೇಣಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಕಿಟಕಿಯ ಆಚೆ ನೋಡಿದ್ದಳು.

ಮಾರನೇ ವರ್ಷದ ಮಹಾಲಯ ಅಮಾವಾಸ್ಯೆಗೆ ವೇಣಿ ಅವಳನ್ನು ಮನೆಗೆ ಕರೆದಳು. “ಅಪ್ಪಂಗೆ ಎಡೆ ಇಡ್ತೀವಿ. ನಮ್ಮವ್ವ ನಿಮ್ಮನ್ನ ನೋಡ್ಬೇಕಂತೆ. ಇಲ್ಲ ಅನ್ಬೇಡಿ.”

ಪಟ್ಟಂದೂರು ಅಗ್ರಹಾರದ ಆ ಓಣಿಯಲ್ಲಿ ಹಳೇ ಮನೆಗಳ ಮೇಲೆಲ್ಲ ಬಾಡಿಗೆಯ ಅಂತಸ್ತುಗಳು ಎದ್ದಿದ್ದವು. ಮುನಿಯಣ್ಣನ ಮನೆ ಕೆಳಗಿನದು. ಗೋಡೆಗೊರಗಿಸಿದ ಫೋಟೊದ ಮುಂದೆ ಬಾಳೆಲೆ. ಅದರಲ್ಲಿ ಕರಿಗಡುಬು, ಕಾಳಿನ ಸಾರು, ಪಕ್ಕದಲ್ಲಿ ಹೊಸ ಅಂಗಿ, ಹೊಸ ಟವೆಲು. ಟವೆಲು ನೋಡಿ ಶ್ರೀರಂಜನಿ ದೃಷ್ಟಿ ಬೇರೆಡೆ ತಿರುಗಿಸಿದಳು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದರು. ಹಿರಿಯರು ಬಂದು ಉಣ್ಣುವಾಗ ಒಳಗೆ ಯಾರೂ ಇರಬಾರದು. ಆ ಜಗಲಿಯ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ, ವೇಣಿಯ ತಾಯಿ ರಾಮಮ್ಮ ಅವಳ ಪಕ್ಕ ಕೂತರು.

“ನಿಮ್ಮತ್ರ ಮಾತಾಡ್ತಿದ್ರಂತೆ,” ಎಂದರು ರಾಮಮ್ಮ.

ಶ್ರೀರಂಜನಿ ತಲೆಯಾಡಿಸಿದಳು.

“ಇಪ್ಪತ್ತೆರಡು ವರ್ಸ ಸಂಸಾರ ಮಾಡಿದ್ದೀನಿ ಕಣವ್ವ. ಉಪ್ಪು ಕಮ್ಮಿ ಆದ್ರೂ ಬಾಯಿ ಬಿಡ್ತಿರ್ಲಿಲ್ಲ. ಒಲ ಕೈಬಿಟ್ಟು ಓದಾಗ ಒಂದು ಮಾತಾಡ್ಲಿಲ್ಲ. ಮೂಕ ಬಸವ ಅಂತಿದ್ದೆ. ಸ್ವಬಾವವೇ ಅಂಗೆ ಅಂದ್ಕಂಡು ಸುಮ್ನಿದ್ದೆ.” ರಾಮಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. “ಈಗ ಈ ಹುಡುಗಿ ದಿನಾ ಬಂದು ಯೋಳ್ತಾಳೆ. ಅಪ್ಪ ಅಂಗಂದ್ರಂತೆ, ಇಂಗಂದ್ರಂತೆ. ಅಂಗಾರೆ ಅವರಿಗೆ ಮಾತು ಬರ್ತಿತ್ತು. ನನ್ನತ್ರ ಆಡಾಕೆ ಇಷ್ಟ ಇರ್ಲಿಲ್ಲ. ಅಲ್ವ್ರಾ?”

ಬಾಗಿಲ ಹಿಂದೆ ಏನೋ ಸದ್ದಾಯಿತು. ಬೆಕ್ಕಿರಬಹುದು. ರಾಮಮ್ಮ ತಿರುಗಿ ನೋಡಲಿಲ್ಲ. ಶ್ರೀರಂಜನಿಯ ಕಿವಿಗೆ ಎಡಗಡೆಯಿಂದ, ತುಸು ಹಿಂದಿನಿಂದ, “ಮೇಡಂ” ಎಂಬ ದನಿ ಬಂತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅದರಲ್ಲಿ ಬೇಡಿಕೆಯಿತ್ತು. ಅವಳು ಊಟ ಮಾಡಿದಳು. ಏನು ಉಂಡಳೆಂದು ಆಮೇಲೆ ನೆನಪಾಗಲಿಲ್ಲ. ಎಲೆ ಎತ್ತಿಟ್ಟು, ರಾಮಮ್ಮನ ಮುಖ ನೋಡದೆಯೇ ಹೊರಟು ಬಂದಳು.

ಸಭೆ ಅದಾದ ಮುಂದಿನ ವಾರ.

ಆ ವರ್ಷ ಚೀಟಿಗಳು ಹಲವಿದ್ದರೂ ಜಗಳವಿದ್ದುದು ಒಂದೇ. ಫೋನ್ ಕರೆ ಮಾಡಿದರೆ ಎಲ್ಲಿಂದ ಬೇಕಾದರೂ ಮೋಟರು ಶುರುವಾಗುವ ಪೆಟ್ಟಿಗೆ ಸುಜಯನ ಚೀಟಿ. ಬೇಸಿಗೆಗೆ ಮುಂಚೆ ಅದು ಅಂಗಡಿಯಲ್ಲಿರಬೇಕು, ಇಲ್ಲವಾದರೆ ಬೇರೆಯವರು ತರುತ್ತಾರೆ. ಫೋನ್ ಬರುವುದಾದರೆ ಮೋಟರು ತಿರುಗುವ ಮೊದಲು ಗಂಟೆ ಹೊಡೆದು ತಡೆಯಲೇಬೇಕು ಎಂಬುದು ಶ್ರೀರಂಜನಿಯ ಚೀಟಿ. ಕೆಳಗೆ ಕೈ ಹಾಕಿ ಕೂತವನನ್ನು, ಊರಾಚೆಯಿಂದ ಕರೆ ಮಾಡುವವರು ನೋಡುವುದಿಲ್ಲವಲ್ಲ. ವಿನ್ಯಾಸದ ಸಿದ್ದರಾಜು ಖಡಾಖಂಡಿತವಾಗಿ ಹೇಳಿದ್ದ: ಎರಡೂ ಒಟ್ಟಿಗೆ ಬೇಕಾದರೆ ಬೇಸಿಗೆ ದಾಟುತ್ತದೆ. ಬರೀ ಫೋನ್ ಆದರೆ ಯುಗಾದಿಗೆ ಸಿದ್ಧ.

“ಬೆಲ್ ಹೊಡೆದ್ರೆ ಅಪಾರ್ಟ್‌ಮೆಂಟ್‌ನೋರು ಪೆಟ್ಟಿಗೇನೇ ಕಿತ್ತು ಬಿಸಾಕ್ತಾರೆ ಸಾರ್,” ಎಂದ ಸುಜಯ್. “ಬೆಳಗಿನ ಜಾವ ನಿದ್ದೆ ಕೆಡಿಸೋಕೆ ಮನೇಲಿ ಮಕ್ಕಳಿದ್ದಾವಲ್ಲ, ಮೋಟರೂ ಬೇಕಾ? ಮುಂದಿನ ವರ್ಷ ಹಾಕೋಣ. ಬೇಡ ಅಂತ ಅಲ್ಲ.”

ಎಲ್ಲರೂ ಬೀಜ ಇಟ್ಟರು. ಶ್ರೀರಂಜನಿ ತನ್ನ ಐದನ್ನೂ ಗಂಟೆಯ ಮೇಲೆ ಇಟ್ಟಳು. ರಿಪೇರಿಯ ಹೊಸ ಮೆಕ್ಯಾನಿಕ್ ನರಸಪ್ಪ ಎರಡು ಇಲ್ಲಿ, ಮೂರು ಅಲ್ಲಿ ಇಟ್ಟ. ಫೋನಿನ ಚೀಟಿ ಸ್ವಲ್ಪ ಮುಂದಿತ್ತು. ಕಿಟಕಿಯ ಪಕ್ಕದ ಐದು ಬಿದ್ದರೆ ಗಂಟೆ ಗೆಲ್ಲುತ್ತಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು.

“ಏನಮ್ಮ, ನಮ್ಮ ಮುನಿಯಣ್ಣನದು?” ಎಂದರು ಪುಟ್ಟಣ್ಣ.

“ಅವರದ್ದು ಇನ್ಮೇಲೆ ನಾನು ಇಡಲ್ಲ ಸಾರ್,” ಎಂದಳು ಅವಳು.

“ಯಾಕಮ್ಮ?”

“ಬೇಡ ಸಾರ್.”

“ಹಾಗಾದ್ರೆ ನಾನಿಡ್ತೀನಿ ಬಿಡಿ,” ಎಂದು ಸುಜಯ್ ಎದ್ದ. “ಪಾಪ, ಆ ಮನುಷ್ಯ ಇಡೀ ಬೆಂಗಳೂರು ಬಸ್ಸಲ್ಲಿ ಸುತ್ತಿದೋರು. ಫೋನಲ್ಲೇ ಕೆಲಸ ಆಗತ್ತೆ ಅಂದ್ರೆ ಕುಣಿದಾಡ್ತಿದ್ರು.”

“ಕೂತ್ಕೊಳ್ಳಪ್ಪ ನೀನು.” ಪುಟ್ಟಣ್ಣನಿಗೆ ಆಗ ಅದು ಹೊಳೆಯಿತು. “ಅವರ ಮಗಳೇ ಇಲ್ಲಿದ್ದಾಳಲ್ಲ. ಕರೀರಿ.”

ವೇಣಿ ಮೇಲೆ ಬಂದಳು. ಕೆಳಗೆ ಯಂತ್ರಗಳಿಗೆ ಅರಿಶಿನ ಹಚ್ಚುತ್ತಿದ್ದವಳ ಎರಡೂ ಅಂಗೈ ಹಳದಿಯಾಗಿದ್ದವು. ಪುಟ್ಟಣ್ಣ ಚೀಟಿಗಳನ್ನು ವಿವರಿಸಿದರು. ಅವಳು ಕೇಳಿಸಿಕೊಂಡು, ಅಪ್ಪನ ಕುರ್ಚಿಯನ್ನೂ ಬೀಜಗಳನ್ನೂ ನೋಡಿ, ನೇರ ಶ್ರೀರಂಜನಿಯ ಕಡೆ ತಿರುಗಿದಳು.

“ಮೇಡಂಗೆ ಗೊತ್ತು ಸಾರ್. ಅಪ್ಪ ಅವರತ್ರ ತಾನೇ ಹೇಳ್ತಿದ್ದಿದ್ದು? ಹೇಳಿ ಮೇಡಂ, ಅಪ್ಪ ಇದಕ್ಕೆ ಏನಂದಿದ್ರು?”

ಒಂದು ಶಬ್ದ ಸಾಕಿತ್ತು. ಬೆಲ್ ಎಂದರೆ ಮುಗಿಯಿತು. ಆ ಹಳದಿ ಕೈ ಬೀಜಗಳನ್ನು ಎತ್ತಿ ಇಡುತ್ತಿತ್ತು, ಮುಂದೆ ಯಾವುದೋ ನೆಲಮಾಳಿಗೆಯಲ್ಲಿ ಯಾರದೋ ಬೆರಳು ಉಳಿಯುತ್ತಿದ್ದವು. ಅದು ಪೂರ್ತಿ ಸುಳ್ಳೂ ಅಲ್ಲ, ಅರ್ಧ ಸುಳ್ಳು. ಶ್ರೀರಂಜನಿ ಎಡಗಡೆಯ ದನಿಗಾಗಿ ಕಾದಳು. ಅದು ಹೇಳಿದರೆ ತಾನೂ ಹೇಳಿಬಿಡುತ್ತಿದ್ದಳು. ಕೆಳಗೆ ಯಾರೋ ಕುಂಬಳಕಾಯಿ ತಂದಿಟ್ಟ ಸದ್ದು ಬಂತು. ಬೇರೇನೂ ಬರಲಿಲ್ಲ. ಕಣ್ಣ ಮುಂದಿದ್ದುದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ರಾಮಮ್ಮ.

“ನಿಮ್ಮಪ್ಪ ನನ್ನ ಹತ್ರ ಮಾತಾಡ್ತಿರಲಿಲ್ಲ ವೇಣಿ,” ಎಂದಳು. “ಬನ್ನಿ ಮೇಡಂ, ಆಯ್ತು ಮೇಡಂ, ಅಷ್ಟೇ. ಮನೇಲಿ ಹೇಗಿದ್ರೋ ಇಲ್ಲೂ ಹಾಗೇ ಇದ್ರು. ನಿಮ್ಮಮ್ಮಂಗೆ ಹೇಳು.”

“ದೀಪದ್ದು?”

“ನಾನೇ.”

“ನನ್ನನ್ನ ಎಂಜಿನಿಯರ್...”

ಶ್ರೀರಂಜನಿ ಅಡ್ಡಡ್ಡ ತಲೆಯಾಡಿಸಿದಳು. ಕೋಣೆಯಲ್ಲಿ ಎಲ್ಲರೂ ಮೇಜು ನೋಡುತ್ತಿದ್ದರು. ವೇಣಿ ಕುರ್ಚಿಯ ಮುಂದಿನ ಐದು ಬೀಜಗಳನ್ನು ಒಂದೊಂದಾಗಿ ಎತ್ತಿ ಮುಷ್ಟಿಯಲ್ಲಿಟ್ಟುಕೊಂಡಳು. ಯಾವ ಚೀಟಿಯ ಮೇಲೂ ಇಡದೆ ಇಳಿದುಹೋದಳು.

“ಗಂಟೆ ಮುಂದಿನ ವರ್ಷಕ್ಕೆ ಇರ್ಲಿ,” ಎಂದರು ಪುಟ್ಟಣ್ಣ. ಖಾಲಿ ಕುರ್ಚಿಯನ್ನು ಅವರೇ ಗೋಡೆಗೆ ಸರಿಸಿದರು.

ವೇಣಿ ಆಮೇಲೆ ಅವಳ ಎದುರು ಊಟಕ್ಕೆ ಕೂರಲಿಲ್ಲ. ಹಬ್ಬ ಕಳೆದು ಕೆಲಸ ಶುರುವಾದ ಮೇಲೆ ಒಂದು ದಿನ ಮೆಟ್ಟಿಲ ಬಳಿ ಎದುರಾದಾಗ ಮಾತ್ರ ನಿಂತಳು. “ನಮ್ಮವ್ವಂಗೆ ಹೇಳ್ದೆ. ಅತ್ತಳು. ಆಮೇಲೆ ನಕ್ಕಳು. ‘ಅಂಗಾರೆ ಅಲ್ಲೂ ಮೂಕ ಬಸವನೇ’ ಅಂದಳು.” ಅಷ್ಟು ಹೇಳಿ, “ನಂಗೆ ಮಾತ್ರ ನೀವು ಹಂಗೆ ಹೇಳ್ಬಾರ್ದಿತ್ತು ಮೇಡಂ,” ಎಂದು ಹೋದಳು. ಮೊದಲು ಹೇಳಿದ್ದಕ್ಕೋ ಕೊನೆಗೆ ಹೇಳಿದ್ದಕ್ಕೋ, ಶ್ರೀರಂಜನಿ ಕೇಳಲಿಲ್ಲ.

ಯುಗಾದಿಗೆ ಫೋನಿನ ಪೆಟ್ಟಿಗೆ ಬಂತು. ಸುಜಯ್ ಹೇಳಿದ ಹಾಗೆಯೇ ಬಿಸಿ ದೋಸೆಯಂತೆ ಖರ್ಚಾಯಿತು. ಅಪಘಾತದ ಸುದ್ದಿಯೇನೂ ಬರಲಿಲ್ಲ. ಬಾರದಿರುವುದೇ ಅವಳನ್ನು ಕಾಡುತ್ತಿತ್ತು. ರಿಪೇರಿ ವಿಭಾಗದ ಫೋನ್ ಹೊಡೆದುಕೊಂಡರೆ, ಬರೆಯುತ್ತಿದ್ದ ಪೆನ್ನು ನಿಲ್ಲುತ್ತಿತ್ತು. ಆ ಕಡೆಯವರು ನೀರು ಬರುತ್ತಿಲ್ಲ ಎಂದರೆ ಉಸಿರು ಬಿಡುತ್ತಿದ್ದಳು.

ಮೇ ತಿಂಗಳಲ್ಲಿ ಬೆಳ್ಳಂದೂರಿನ ದೊಡ್ಡ ಅಪಾರ್ಟ್‌ಮೆಂಟೊಂದಕ್ಕೆ ಅವಳು ನರಸಪ್ಪನ ಜೊತೆ ಹೋದಳು. ಅಲ್ಲಿ ಬ್ಲಾಕಿಗೊಂದು ಹೊಸ ಪೆಟ್ಟಿಗೆ. ನರಸಪ್ಪ ಮೋಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಲಸ ಮುಗಿಸಿ, ಪೆಟ್ಟಿಗೆಗೆ ಕರೆ ಮಾಡಿ ನೋಡಲು ಫೋನ್ ತೆಗೆದ.

“ಕೈ ತೆಗೀರಿ ನರಸಪ್ಪ,” ಎಂದಳು ಅವಳು. ನೆಲಮಾಳಿಗೆಯಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ ಅವಳೇ ಬೆಚ್ಚಿದಳು.

“ಅಯ್ಯೋ, ತೆಗ್ದಿದೀನಿ ಮೇಡಂ. ನೋಡಿ,” ಎಂದು ಅವನು ಎರಡೂ ಕೈ ಎತ್ತಿ ತೋರಿಸಿ ನಕ್ಕ. “ನೀವಿದ್ರೆ ಬೆಲ್ಲೇ ಬೇಡ ಬಿಡಿ.”

ಅವಳು ನಗಲು ನೋಡಿದಳು. ಅಷ್ಟರಲ್ಲಿ ಗೋಡೆಯ ಆಚೆ, ಪಕ್ಕದ ಬ್ಲಾಕಿನ ಕೆಳಗೆ, ಇನ್ನೊಂದು ಮೋಟರು ಒಮ್ಮೆಲೇ ಶುರುವಾಯಿತು. ಯಾರು ಎಲ್ಲಿಂದ ಕರೆ ಮಾಡಿದರೋ. ಆ ಕೋಣೆಯಲ್ಲಿ ಯಾರಿದ್ದರೋ, ಇರಲಿಲ್ಲವೋ. ಶ್ರೀರಂಜನಿ ಗೋಡೆಗೆ ಕಿವಿಯಿಟ್ಟು ನಿಂತಳು. ಮೋಟರು ಒಂದೇ ಸಮನೆ ತಿರುಗುತ್ತಿತ್ತು.